ಕಪಾಟಿನಿಂದ ತರಗತಿಗೆ: ಹೊಸನಗರ ಸೀಮೆಯ 9 ಶಾಲೆಗಳ ಶಿಕ್ಷಕರಿಗಾಗಿ ಒಂದು ದೇಣಿಗೆ ಮನವಿ

ಊರಲ್ಲೇ ಇರುವವರಿಗೂ, ಊರು ಬಿಟ್ಟು ಬೆಂಗಳೂರು, ಪುಣೆ, ಅಮೆರಿಕ ಅಂತ ನೆಲೆಸಿರುವವರಿಗೂ ನಮಸ್ಕಾರ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಇಲ್ಲಿನ ಒಂದು ಶಾಲೆಯ ಮರದ ಕಪಾಟು ತೆಗೆಸಿದೆವು. ಬಾಗಿಲು ಮಳೆಗೆ ಉಬ್ಬಿ ಕಚ್ಚಿಕೊಂಡಿತ್ತು. ಇಬ್ಬರು ಸೇರಿ ಎಳೆದ ಮೇಲೆ ಬಿಟ್ಟುಕೊಂಡಿತು. ಒಳಗೆ ಒಂದು ಪ್ರೊಜೆಕ್ಟರ್, ಎರಡು ಲ್ಯಾಪ್‌ಟಾಪ್. ದಾನಿಗಳೊಬ್ಬರು ಪ್ರೀತಿಯಿಂದ ಕೊಟ್ಟಿದ್ದು. ಪ್ರೊಜೆಕ್ಟರಿನ ಲೆನ್ಸ್ ಮೇಲೆ ಬೂಷ್ಟು. ಒಂದು ಲ್ಯಾಪ್‌ಟಾಪಿನ ಪೆನ್‌ಡ್ರೈವ್ ಹಾಕುವ ಕಿಂಡಿಯಲ್ಲಿ ಕಣಜದ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಹೆಡ್‌ಮಾಸ್ಟರು ಅದನ್ನು ಕಡ್ಡಿಯಲ್ಲಿ ಕೆರೆಯುತ್ತಾ, "ಇದನ್ನ ಸರಿಯಾಗಿ ಬಳಸಿಕೊಂಡಿದ್ದು ಈ ಹುಳ ಒಂದೇ ನೋಡಿ ಸಾರ್" ಅಂದರು. ನಗು ಬಂತು. ಆಮೇಲೆ ಬೇಜಾರೂ ಆಯಿತು.

ನಾನು 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಈಗ ನಮ್ಮ ಸಣ್ಣ ಟ್ರಸ್ಟಿನ ಕಾರ್ಯದರ್ಶಿ. ಹಾಗಾಗಿ ಆ ಕಪಾಟಿನ ವಿಷಯದಲ್ಲಿ ಯಾರನ್ನೂ ಬೈಯುವ ಹಕ್ಕು ನನಗಿಲ್ಲ. ನನ್ನ ಕಾಲದಲ್ಲೂ ಒಂದು ಟಿವಿ ಬಂದಿತ್ತು. ಅದು ನಾನು ನಿವೃತ್ತನಾಗುವ ತನಕ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು.

ನಮ್ಮ ಕಡೆಯ ಶಾಲೆಗಳು ಹೇಗಿವೆ ಅಂತ ನಿಮಗೆ ಗೊತ್ತೇ ಇದೆ. ಎಷ್ಟೋ ಕಡೆ ಇಬ್ಬರು ಟೀಚರು, ಐದು ತರಗತಿ. ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ, ಚಟುವಟಿಕೆಯಿಂದ ಕಲಿಸುವ ನಲಿಕಲಿ. ಪಕ್ಕದ ಕೋಣೆಯಲ್ಲಿ ನಾಲ್ಕು, ಐದು. ನಡುವೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ. ಎಸ್‌ಎಟಿಎಸ್‌ಗೆ (ಮಕ್ಕಳ ವಿವರ ಇಡುವ ಸರ್ಕಾರದ ಆನ್‌ಲೈನ್ ವ್ಯವಸ್ಥೆ) ಮಾಹಿತಿ ತುಂಬಬೇಕು ಅಂದರೆ ಶಾಲೆ ಹಿಂದಿನ ಗುಡ್ಡ ಹತ್ತಬೇಕು. ಅಲ್ಲೊಂದು ಬಂಡೆ ಇದೆ. ಅದರ ಮೇಲೆ ನಿಂತರೆ ಎರಡು ಗೆರೆ ನೆಟ್‌ವರ್ಕ್ ಸಿಗುತ್ತದೆ. ಮಕ್ಕಳು ಆ ಬಂಡೆಗೆ "ಆಫೀಸು" ಅಂತಲೇ ಹೆಸರಿಟ್ಟಿದ್ದಾರೆ.

ಇನ್ನು ಕರೆಂಟು. ಜೋಗದಲ್ಲಿ 1948ರಿಂದ ಕರೆಂಟ್ ತಯಾರಾಗುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ವಿದ್ಯುದಾಗಾರ ಒಂದರದ್ದೇ 1,035 ಮೆಗಾವ್ಯಾಟ್. ಅಷ್ಟೆಲ್ಲ ಕೊಟ್ಟ ಹೊಳೆಯ ದಂಡೆಯಲ್ಲೇ ನಾವಿದ್ದೇವೆ. ಆದರೂ ಆಷಾಢದಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದರೆ ಎರಡು ದಿನ, ಮೂರು ದಿನ ಕತ್ತಲೆ. ಲೈನ್‌ಮನ್ನರನ್ನು ದೂರುತ್ತಿಲ್ಲ. ಆ ಮಳೆಯಲ್ಲಿ ಕಂಬ ಹತ್ತುವವರ ಕಷ್ಟ ನಾವು ಕಣ್ಣಾರೆ ನೋಡಿದವರು. ಊರಿನ ಸ್ಥಿತಿ ಇದು ಅಂತ ಹೇಳಿದೆ, ಅಷ್ಟೆ.

ಪಠ್ಯಪುಸ್ತಕದಲ್ಲಿ ಪಾಠದ ಪಕ್ಕ ಕ್ಯೂಆರ್ ಕೋಡ್ ಇರುತ್ತದೆ, ನೋಡಿರಬಹುದು. ಫೋನ್ ಹಿಡಿದರೆ ದೀಕ್ಷಾ ಆ್ಯಪ್‌ನಲ್ಲಿ ಆ ಪಾಠದ ವಿಡಿಯೋ, ಅಭ್ಯಾಸ ಎಲ್ಲ ತೆರೆದುಕೊಳ್ಳುತ್ತವೆ. ದೀಕ್ಷಾ 2017ರಲ್ಲೇ ಶುರುವಾಗಿದೆ. ಒಳ್ಳೆ ಏರ್ಪಾಡು. ಆದರೆ ಪುಸ್ತಕ ತರಗತಿಯಲ್ಲಿದೆ, ನೆಟ್‌ವರ್ಕ್ ಬಂಡೆ ಮೇಲಿದೆ. ಬೇಕಾದ್ದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು ಅಂತ ನಮ್ಮ ಟೀಚರುಗಳಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಕೇಳಲು ಅವರಿಗೆ ಸಂಕೋಚ. ಕೇಳೋಣ ಅಂದರೆ ಯಾರನ್ನ?

ಈ ಮನವಿ ಹುಟ್ಟಿದ್ದು ಆ "ಯಾರನ್ನ?" ಎಂಬಲ್ಲಿ. ನಮಗೆ ಈಗ ಯಂತ್ರಗಳಿಗಿಂತ ಜಾಸ್ತಿ ಬೇಕಾಗಿರುವುದು ಟೀಚರುಗಳ ಪಕ್ಕ ಕೂತು ಕೆಲಸ ಮಾಡುವ ಒಬ್ಬ ಮನುಷ್ಯ.

ಸುಮ್ನೆ ಹೇಳುತ್ತಿಲ್ಲ. ಪೆರು ದೇಶದಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೆ ತಲೆಗೊಂದರಂತೆ ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಬಂತು. ಮಕ್ಕಳ ಕೈಗೆ ಕಂಪ್ಯೂಟರ್ ಬಂದಿತ್ತು, ಬಳಕೆಯೂ ಹೆಚ್ಚಿತ್ತು. ಗಣಿತ, ಭಾಷೆಯ ಪರೀಕ್ಷೆಯಲ್ಲಿ ಮಾತ್ರ ಏನೂ ಏರಿರಲಿಲ್ಲ. ಅಷ್ಟು ದೂರದ ಪೆರುವಿಗೂ ನಮ್ಮ ಕಪಾಟಿಗೂ ಏನು ಸಂಬಂಧ ಅಂತ ನಗಬೇಡಿ. ಪೆಟ್ಟಿಗೆ ಬಿಚ್ಚಿದ ಮೇಲೆ ನಾಳೆ ಬೆಳಗ್ಗೆ ಯಾವ ಪಾಠಕ್ಕೆ, ಎಷ್ಟು ಹೊತ್ತು, ಯಾಕೆ ಅಂತ ಯೋಚಿಸಬೇಕಾದವರು ಎರಡೂ ಕಡೆ ಟೀಚರೇ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿ ಕೇಳಿಸಬಹುದು. ಮಳೆ ಜೋರು, ಮಕ್ಕಳು ಕಮ್ಮಿ, ಒಂದು ವಿಡಿಯೋ ಹಾಕಿ ಕೂರಿಸೋಣ ಅನ್ನುವುದು ಪಾಠ ಅಲ್ಲ. ನಾನೇ ಒಂದು ಶಾಲೆಯಲ್ಲಿ ನೋಡಿದೆ. ಹೃದಯ ಕೆಲಸ ಮಾಡುವ ಬಗೆ ಅಂತ ವಿಡಿಯೋ ಓಡುತ್ತಿತ್ತು, ಹಿಂದಿಯಲ್ಲಿ. ಮಕ್ಕಳು ಬಣ್ಣ ನೋಡುತ್ತಾ ಕೂತಿದ್ದವು. ಟೀಚರ್ ಹಿಂದಿನ ಬೆಂಚಿನಲ್ಲಿ ಮೊಟ್ಟೆ ಲೆಕ್ಕ ಬರೆಯುತ್ತಿದ್ದರು. ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಏನಿದೆ, ಎಲ್ಲಿದೆ ಅಂತ ಹುಡುಕಲು ಅವರಿಗೆ ಪುರುಸೊತ್ತು ಕೊಟ್ಟವರು ಯಾರು?

ಹೋದ ವರ್ಷ ನಾಲ್ಕು ಶಾಲೆಗಳಲ್ಲಿ ಸಣ್ಣದಾಗಿ ಶುರು ಮಾಡಿದೆವು. ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಟೀಚರುಗಳು ಒಂದು ಕಡೆ ಸೇರುವುದು. ಭಾಷಣ ಇಲ್ಲ. ಹಾರ ತುರಾಯಿ ಇಲ್ಲ. ಅನ್ನ, ಸಾರು, ಮಜ್ಜಿಗೆ, ಆಮೇಲೆ ಲ್ಯಾಪ್‌ಟಾಪ್. ಪ್ರತಿಯೊಬ್ಬರೂ ಮುಂದಿನ ತಿಂಗಳು ಮಾಡಬೇಕಾದ ಒಂದೇ ಒಂದು ಪಾಠ ತರಬೇಕು. ಆ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಮೊದಲು ಮಾತಾಡುತ್ತೇವೆ. ಅಲ್ಲಿಗೆ ಕಂಪ್ಯೂಟರ್ ಬೇಕಾ, ಹುಣಸೆ ಬೀಜ ಸಾಕಾ ಅಂತ ಆಮೇಲೆ. ಭಿನ್ನರಾಶಿಗೆ ಹಲಸಿನ ಹಪ್ಪಳ ಮುರಿದರೆ ಸಾಕು ಅಂತ ಎರಡು ಸಲ ತೀರ್ಮಾನವಾಗಿದೆ! ಅದೂ ಒಳ್ಳೆಯ ತೀರ್ಮಾನವೇ.

ವಿಜ್ಞಾನದ ಟೀಚರೊಬ್ಬರು ವಿದ್ಯುತ್ ಮಂಡಲದ ಪಾಠ ತಂದರು. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ "ಫೆಟ್" ಅಂತ ಉಚಿತ ಪ್ರಯೋಗಗಳಿವೆ. ಕನ್ನಡದಲ್ಲೂ ಸಿಗುತ್ತವೆ, ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆ ನಡೆಯುತ್ತವೆ. ಪರದೆ ಮೇಲೆ ಬ್ಯಾಟರಿ, ತಂತಿ, ಬಲ್ಬು ಎಳೆದು ಜೋಡಿಸುವುದು. ನಡುವೆ ಬಲ್ಬ್ ಇಲ್ಲದೆ ತಂತಿಯನ್ನು ನೇರ ಬ್ಯಾಟರಿಗೆ ಕೊಟ್ಟರೆ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹುಡುಗರು ಅದನ್ನೇ ಹತ್ತು ಸಲ ಮಾಡಿದರು. ಟೀಚರ್ ಬೈಯಲಿಲ್ಲ. "ಯಾಕೆ ಹೊತ್ತಿತು?" ಅಂತ ಮಾತ್ರ ಕೇಳಿದರು. ಮರುದಿನ ನಿಜವಾದ ಸೆಲ್ಲು, ಟಾರ್ಚ್ ಬಲ್ಬು ಕೊಟ್ಟು ಜೋಡಿಸಲು ಹೇಳಿದರು. ಸೆಲ್ಲು ಮೊದಲು ಕೊಡಬೇಕಿತ್ತಾ, ಪರದೆ ಮೊದಲಾ ಅಂತ ಮುಂದಿನ ಶನಿವಾರ ನಮ್ಮೊಳಗೇ ವಾದ. ನಾನು ಸೆಲ್ಲಿನ ಪಕ್ಷ. ಇನ್ನೂ ಇತ್ಯರ್ಥ ಆಗಿಲ್ಲ.

ನನಗೆ ತುಂಬಾ ಹಿಡಿಸಿದ್ದು ಏಳನೇ ತರಗತಿಯ ಸಮಾಜ ಪಾಠ. ಆ ಮೇಷ್ಟ್ರು ಹೊಸನಗರ ಪೇಟೆಯಲ್ಲಿ ಕೂತು ಗೂಗಲ್ ಅರ್ಥ್ ತೆರೆದರು. ಅದರ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳಿವೆ. ಲಿಂಗನಮಕ್ಕಿ ಹಿನ್ನೀರಿನ ಬೇರೆ ಬೇರೆ ವರ್ಷದ ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರು. ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದರು. ಮೊದಲು ಮಕ್ಕಳು ತಮ್ಮ ತಮ್ಮ ಮನೆ, ತೋಟ ಹುಡುಕುವುದರಲ್ಲೇ ಮುಳುಗಿದರು. ಆಮೇಲೆ ಒಬ್ಬಳು ಎದ್ದು, "ಸಾರ್, ಈ ನೀರಿನ ಅಡಿಗೆ ಏನಿತ್ತು?" ಅಂದಳು.

ಮೇಷ್ಟ್ರು ಉತ್ತರ ಹೇಳಲಿಲ್ಲ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ, ಮನೆಯ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಂಡು ಬನ್ನಿ ಅಂದರು. ವಾರದೊಳಗೆ ಹನ್ನೊಂದು ದನಿ ಬಂದವು. ಮುಳುಗಡೆಯಲ್ಲಿ ಬಿಟ್ಟು ಬಂದ ಊರು, ಗದ್ದೆ, ದೇವಸ್ಥಾನದ ಹೆಸರುಗಳು. ಒಬ್ಬ ಅಜ್ಜಿ ಮನೆ ಬಿಡುವಾಗ ತುಳಸಿ ಕಟ್ಟೆಯ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು ಹೇಳುತ್ತಾರೆ. ನಡುವೆ ಅವರಿಗೆ ಕೆಮ್ಮು. ಹಿಂದೆ ಕೋಳಿ ಕೂಗುತ್ತದೆ. ಮೊಮ್ಮಗ "ಹೇಳು ಅಜ್ಜಿ, ಇನ್ನೂ ಆನ್ ಇದೆ" ಅನ್ನುತ್ತಾನೆ. ನೀರು ತೀರಾ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆ ಅಣೆಕಟ್ಟು ಮೇಲೆದ್ದು ಕಾಣುವುದನ್ನು ಒಬ್ಬ ಅಜ್ಜ ವಿವರಿಸಿದ್ದಾರೆ. ಇಷ್ಟಕ್ಕೆಲ್ಲ ಖರ್ಚಾದದ್ದು ಒಂದು ಪೆನ್‌ಡ್ರೈವ್, ಮೇಷ್ಟ್ರ ಎರಡು ಸಂಜೆ.

ಸಣ್ಣಪುಟ್ಟ ತೊಂದರೆಗಳು ಬೇಕಾದಷ್ಟಿವೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಅಕ್ಷರದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಫೋನಿನಲ್ಲಿ ತೆರೆದರೆ ಏನೇನೋ ಗುರುತುಗಳಾಗಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸುವುದು ಐದು ನಿಮಿಷದ ಕೆಲಸ. ಗೊತ್ತಿಲ್ಲದವರು ಇಡೀ ಪತ್ರಿಕೆ ಮತ್ತೆ ಟೈಪ್ ಮಾಡಿದ್ದಾರೆ. ಥಂಡಿಯ ಕಥೆ ಬೇರೆ. ಕಪಾಟಿನೊಳಗೆ ಒಂದು ಹಳೇ ಮಾದರಿಯ ಝೀರೋ ಬಲ್ಬ್ ಉರಿಸಿಟ್ಟರೆ ಆ ಕಾವಿಗೆ ಬೂಷ್ಟು ಹಿಡಿಯುವುದಿಲ್ಲ. ಭಜನಾ ಮಂಡಳಿಯವರು ಹಾರ್ಮೋನಿಯಂ ಕಾಪಾಡಿಕೊಳ್ಳುವುದು ಹೀಗೇ. ಎಲ್‌ಇಡಿ ಹಾಕಿದರೆ ಆಗದು, ಅದು ಅಷ್ಟು ಬಿಸಿ ಆಗುವುದಿಲ್ಲ. ಈಗ ಅಂಥ ಬಲ್ಬಿಗಾಗಿ ಅಂಗಡಿ ಅಂಗಡಿ ಸುತ್ತಬೇಕಾಗಿದೆ.

ಈ ವರ್ಷ ನಾಲ್ಕು ಶಾಲೆಯಿಂದ ಒಂಬತ್ತಕ್ಕೆ ಹೋಗಬೇಕು ಅಂತಿದೆ. ಲೆಕ್ಕ ಹೀಗಿದೆ.

ಎಲ್ಲಕ್ಕಿಂತ ದೊಡ್ಡ ಖರ್ಚು ಒಬ್ಬ ಸಂಚಾರಿ ಸಹಾಯಕರದ್ದು. ಡಿ.ಎಡ್ ಓದಿದ, ಕಂಪ್ಯೂಟರ್ ಬಲ್ಲ, ಬೈಕ್ ಓಡಿಸುವ, ಇಲ್ಲಿಯವರೇ ಆದ ಒಬ್ಬರು. ಪ್ರತಿ ಶಾಲೆಗೂ ಹದಿನೈದು ದಿನಕ್ಕೊಮ್ಮೆ ಹೋಗಿ ಟೀಚರ್ ಜೊತೆ ಪಾಠ ತಯಾರು ಮಾಡುವುದು, ತರಗತಿಯಲ್ಲಿ ಪಕ್ಕ ನಿಲ್ಲುವುದು ಅವರ ಕೆಲಸ. ಪಾಠ ಮಾಡುವವರು ಟೀಚರೇ. ತಿಂಗಳಿಗೆ 18,000 ರೂಪಾಯಿಯಂತೆ ವರ್ಷಕ್ಕೆ 2,16,000. ಪೆಟ್ರೋಲಿಗೆ ಹತ್ತು ತಿಂಗಳಿಗೆ 30,000.

ಇಂಟರ್‌ನೆಟ್ ಇಲ್ಲದೆ ನಡೆಯುವ ಸಣ್ಣ ಸರ್ವರ್ ಪೆಟ್ಟಿಗೆ ಶಾಲೆಗೊಂದು. ಕನ್ನಡ ವಿಕಿಪೀಡಿಯ, ಫೆಟ್ ಪ್ರಯೋಗಗಳು, ನಾವೇ ಮಾಡಿದ ಪಾಠಗಳು, ಅಜ್ಜಿಯರ ದನಿಗಳು ಅದರಲ್ಲಿರುತ್ತವೆ. ತರಗತಿಯೊಳಗೇ ವೈಫೈ ಕೊಡುತ್ತದೆ. 12,000ದಂತೆ 1,08,000. ಬ್ಯಾಟರಿ, ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್‌ಗೆ ಶಾಲೆಗೆ 15,000ದಂತೆ 1,35,000. ಅರ್ಥಿಂಗ್ ಯಾಕೆ ಅಂತ ಕೇಳಿದರೆ, ಏಪ್ರಿಲ್ ತಿಂಗಳ ಒಂದೇ ಸಿಡಿಲಿಗೆ ಮಾನಿಟರ್ ಕಳೆದುಕೊಂಡ ಶಾಲೆಗಳು ನಮ್ಮಲ್ಲಿವೆ. ಶನಿವಾರದ ಹತ್ತು ಸಭೆಗಳ ಊಟ, ಬಸ್ ಚಾರ್ಜು 25,000. ರಿಪೇರಿಗೆ 36,000.

ಒಟ್ಟು 5,50,000 ರೂಪಾಯಿ. ಊರವರು, ಎಸ್‌ಡಿಎಂಸಿಯವರು, ಅಂದರೆ ಶಾಲಾ ಸಮಿತಿಯವರು, ಅಡಿಕೆ ಕೊಯ್ಲಿನ ಹೊತ್ತಿಗೆ ಕೈಲಾದಷ್ಟು ಕೊಟ್ಟವರು ಸೇರಿ ಈಗಾಗಲೇ 1,62,000 ಆಗಿದೆ. ಇನ್ನು ಬೇಕಾದ್ದು 3,88,000. ಒಬ್ಬರೇ ಕೊಡಬೇಕು ಅಂತ ನಾವು ಬಯಸುವುದಿಲ್ಲ. ನೂರು ಜನ ಸೇರಿ ಕೊಟ್ಟರೆ ನೂರು ಜನ ವಿಚಾರಿಸುತ್ತಾರೆ, ಅಲ್ವಾ? 500 ರೂಪಾಯಿಯಾದರೂ ಸರಿ. 2,500 ಕೊಟ್ಟರೆ ಒಂದು ಶನಿವಾರ ಪೂರ್ತಿ ನಿಮ್ಮದು. 18,000 ಕೊಟ್ಟರೆ ಸಹಾಯಕರ ಒಂದು ತಿಂಗಳ ಸಂಬಳ.

ಟ್ರಸ್ಟಿಗೆ 80ಜಿ, ಅಂದರೆ ದಾನಿಗಳಿಗೆ ಆದಾಯ ತೆರಿಗೆ ಉಳಿಸುವ ಮಾನ್ಯತೆ, ಇದೆ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದರ ವಿನಾಯಿತಿ ಸಿಗುತ್ತದೆ. ನಗದು 2,000 ರೂಪಾಯಿ ದಾಟಿದರೆ ಅದೂ ಇಲ್ಲ. ಹಾಗಾಗಿ ಜಾಸ್ತಿ ಕೊಡುವವರು ಬ್ಯಾಂಕ್ ಮೂಲಕವೇ ಕೊಡಿ. ರಸೀದಿಗೆ ಪ್ಯಾನ್ ನಂಬರ್ ಬೇಕು. ಖಾತೆಯ ವಿವರ ಈ ಮನವಿ ತಲುಪಿಸಿದವರ ಬಳಿ ಇದೆ. ಅವರು ನಿಮಗೆ ಗೊತ್ತಿರುವವರೇ ಆಗಿರುತ್ತಾರೆ. ಗೊತ್ತಿಲ್ಲದವರು ಕೇಳಿದರೆ ದಯವಿಟ್ಟು ಹಣ ಹಾಕಬೇಡಿ. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಒಂಬತ್ತೂ ಶಾಲೆಗಳ ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ. ದಾನಿಗಳಿಗೆ ಅದರ ಫೋಟೋ ಬರುತ್ತದೆ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಪದ್ಧತಿ ಇಟ್ಟುಕೊಂಡಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ನೋಡಿಯೇ ಕೊಡುತ್ತೇವೆ ಅನ್ನುವವರು ಖಂಡಿತ ಬನ್ನಿ. ತಿಂಗಳ ಮೂರನೇ ಶನಿವಾರ ನಮ್ಮ ಸಭೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಹೇಳಿದರೆ ಒಂದು ಎಲೆ ಜಾಸ್ತಿ ಹಾಕುತ್ತೇವೆ. ಜುಲೈನಲ್ಲಿ ಬರುವುದಾದರೆ ಛತ್ರಿಯ ಜೊತೆ ಇನ್ನೊಂದು ಜೊತೆ ಬಟ್ಟೆಯೂ ಇರಲಿ.

ಹಳೆ ಲ್ಯಾಪ್‌ಟಾಪ್ ಕಳಿಸಲಾ ಅಂತ ಕೆಲವರು ಕೇಳಿದ್ದೀರಿ. ಎರಡು ಗಂಟೆ ಬ್ಯಾಟರಿ ನಿಲ್ಲುವಂಥದ್ದಾದರೆ ಕಳಿಸಿ. ಚಾರ್ಜರ್ ಮರೆಯಬೇಡಿ. ಚಾರ್ಜರ್ ಇಲ್ಲದ ಮೂರು ಲ್ಯಾಪ್‌ಟಾಪ್ ಈಗಾಗಲೇ ನಮ್ಮ ಕಪಾಟಿನಲ್ಲಿ ಕೂತಿವೆ.