ಹೆಜ್ಜೆ ಕರಡಿಯದು, ಚಿತ್ರ ಯಾರದು?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಪ್ರಾಣಿಗಳ ಹೆಜ್ಜೆ ಗುರುತಿನ ಇಂಕ್ ಚಿತ್ರ ನೋಡಿ ಖುಷಿಯಾಯಿತು. ಆದರೆ ಕೆಳಗೆ 'ರೊಮೇನಿಯಾ ಕಲಾವಿದರ ಚಿತ್ರ' ಅಂತ ಬರೆದು ಕೈ ತೊಳೆದುಕೊಂಡಿದ್ದೀರಲ್ಲ, ಆ ಕಲಾವಿದರಿಗೆ ಹೆಸರಿಲ್ಲವೇ? ಗಾತ್ರವೋ, ಅಂಚೆಚೀಟಿಯಷ್ಟು. ಪಕ್ಕದ ಕಾರಿನ ಜಾಹೀರಾತಿಗೆ ಮಾತ್ರ ಅರ್ಧ ಪುಟ!

ಜಾಗ ತುಂಬಲು ಸುಮ್ನೆ ಹಾಕಿದಿರೇನೋ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಕರಡಿಯ ಹಿಂಗಾಲಿನ ಗುರುತು ಥೇಟ್ ಮನುಷ್ಯರ ಬರಿಗಾಲಿನ ಹಾಗೇ ಇರುತ್ತದೆ, ಆದರೆ ನಮ್ಮ ದೊಡ್ಡ ಬೆರಳು ಪಾದದ ಒಳಬದಿಗಿದ್ದರೆ ಕರಡಿಯದ್ದು ಹೊರಬದಿಗೆ, ಅದನ್ನು ಇವರು ಸರಿಯಾಗಿ ಬರೆದಿದ್ದಾರೆ. ತೋಳದ ಬೆರಳ ಮುಂದೆ ಉಗುರಿನ ಚುಕ್ಕೆಗಳಿವೆ. ಲಿಂಕ್ಸ್‌ಗೆ ಇಲ್ಲ, ಯಾಕೆಂದರೆ ಅದು ಬೆಕ್ಕಿನ ಜಾತಿ, ಉಗುರು ಒಳಗೆಳೆದುಕೊಂಡೇ ನಡೆಯುತ್ತದೆ. ಮೊಲದ್ದಂತೂ ಇನ್ನೂ ಮಜಾ. ನೆಗೆದಾಗ ಅದರ ಹಿಂಗಾಲು ಮುಂಗಾಲನ್ನೂ ದಾಟಿ ಮುಂದೆ ಬೀಳುತ್ತದೆ, ಹಾಗಾಗಿ ಗೊತ್ತಿಲ್ಲದವರು ಅದು ಹೋದ ದಿಕ್ಕನ್ನೇ ಉಲ್ಟಾ ಹೇಳುತ್ತಾರೆ. ಇದನ್ನೆಲ್ಲ ಫೋಟೊದಲ್ಲಿ ನೋಡಲು ಹೋದರೆ ಹಿಮದ ಬಿಳಿಯಲ್ಲಿ ಅರ್ಧ ಕಾಣುವುದೇ ಇಲ್ಲ. ಕಪ್ಪು ಇಂಕಿನ ನಾಲ್ಕು ಗೆರೆ ಸಾಕು, ಅಲ್ವಾ?

ಅಲ್ಲಿ ಈ ಗುರುತುಗಳಿಗೆ ಬೆಲೆ ಜಾಸ್ತಿ. ರೊಮೇನಿಯಾದ ಕಾರ್ಪೇಥಿಯನ್ ಬೆಟ್ಟಗಳಲ್ಲಿರುವಷ್ಟು ಕಂದು ಕರಡಿ ಐರೋಪ್ಯ ಒಕ್ಕೂಟದ ಬೇರೆ ಯಾವ ದೇಶದಲ್ಲೂ ಇಲ್ಲ. 2016ರಲ್ಲಿ ಮೋಜಿನ ಬೇಟೆ ನಿಲ್ಲಿಸಿದರು. 2024ರ ಜುಲೈನಲ್ಲಿ ಚಾರಣಕ್ಕೆ ಹೋದ ಯುವತಿಯೊಬ್ಬಳನ್ನು ಕರಡಿ ಕೊಂದಿತು, ಅದಾದ ಮೇಲೆ ಆ ವರ್ಷ 481 ಕರಡಿ ಕೊಲ್ಲಬಹುದು ಅಂತ ಸಂಸತ್ತು ಕಾನೂನು ಮಾಡಿತು. ಆದರೆ ಒಟ್ಟು ಎಷ್ಟಿವೆ ಅನ್ನುವುದೇ ಅಲ್ಲಿನ ದೊಡ್ಡ ಜಗಳ. ವರ್ಷಗಟ್ಟಲೆ ಹೆಜ್ಜೆ ನೋಡಿಯೇ ಎಣಿಸುತ್ತಿದ್ದರು, ಕರಡಿಯೋ ಒಂದೇ ಊರಲ್ಲಿ ಕೂರುವ ಪ್ರಾಣಿಯಲ್ಲ, ಹೀಗಾಗಿ ಒಂದನ್ನೇ ಇಬ್ಬರು ಎಣಿಸುವುದು ಇದ್ದದ್ದೇ. ಆಮೇಲೆ ಡಿಎನ್ಎ ಪರೀಕ್ಷೆ ಮಾಡಿದರು, 10 ಸಾವಿರಕ್ಕೂ ಜಾಸ್ತಿ ಅಂತ ಲೆಕ್ಕ ಬಂತು.

ನಮ್ಮ ಕಾಡುಗಳಲ್ಲೂ ಹುಲಿ ಹೆಜ್ಜೆ ಮೇಲೆ ಗಾಜು ಇಟ್ಟು, ಪೆನ್ನಿನಲ್ಲಿ ಗೆರೆ ಎಳೆದು ಗಣತಿ ಮಾಡುತ್ತಿದ್ದ ಕಾಲವಿತ್ತು. ಆ ಕೆಲಸ ಮಾಡಿದ ಅರಣ್ಯ ಇಲಾಖೆಯವರು ಈಗಲೂ ನಿಮ್ಮ ಓದುಗರಲ್ಲಿ ಇದ್ದಾರು. ಅವರ ಕೈಯಲ್ಲಿ ಇಂಥ ಚಿತ್ರದ ಬಗ್ಗೆ ಬರೆಸಬಾರದೇ?

ಮುಂದಿನ ವಾರ ಅದೇ ಚಿತ್ರವನ್ನು ಕಾಲು ಪುಟಕ್ಕಾದರೂ ದೊಡ್ಡದು ಮಾಡಿ, ಕಲಾವಿದರ ಹೆಸರು ಹಾಕಿ ಪ್ರಕಟಿಸಿ.

ಇತಿ,
ಒಬ್ಬ ಓದುಗ, ಸಾಗರ