ಉಲ್ಲೇಖಗಳ ಲೆಕ್ಕ ಮತ್ತು ಕನ್ನಡದ ಸಂಶೋಧನೆ

ಮಾನ್ಯ ಸಂಪಾದಕರೇ,

2021ರ ಜೂನ್‌ನಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಯೂಎಸ್ ಸಂಸ್ಥೆಯ ಜಾಗತಿಕ ವಿಶ್ವವಿದ್ಯಾಲಯ ಶ್ರೇಯಾಂಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 'ಪ್ರತಿ ಅಧ್ಯಾಪಕರಿಗೆ ಉಲ್ಲೇಖಗಳು' (ಸಂಸ್ಥೆಯ ಪ್ರಬಂಧಗಳನ್ನು ಸಂಶೋಧಕರು ತಮ್ಮ ಬರಹಗಳಲ್ಲಿ ಆಧಾರವಾಗಿ ಹೆಸರಿಸಿದ ಲೆಕ್ಕ) ಎಂಬ ಮಾನದಂಡದಲ್ಲಿ 100ಕ್ಕೆ 100 ಅಂಕ ಪಡೆದಾಗ, 'ವಿಶ್ವದ ನಂಬರ್ ಒನ್ ಸಂಶೋಧನಾ ವಿಶ್ವವಿದ್ಯಾಲಯ' ಎಂಬ ಶೀರ್ಷಿಕೆಗಳನ್ನು ಓದಿ ನಾವೆಲ್ಲ ಸಂತೋಷಪಟ್ಟೆವು. ಅದೇ ಪಟ್ಟಿಯಲ್ಲಿ ಒಟ್ಟಾರೆ ಸ್ಥಾನ 186 ಎಂಬುದನ್ನು ಗಮನಿಸಿದವರು ಕಡಿಮೆ.

ಐದು ವರ್ಷಗಳ ಅವಧಿಯ ಪ್ರಬಂಧಗಳಿಗೆ ದೊರೆತ ಉಲ್ಲೇಖಗಳಲ್ಲಿ ಸ್ವಂತ ಉಲ್ಲೇಖಗಳನ್ನು (ತಮ್ಮದೇ ಪ್ರಬಂಧಗಳನ್ನು ತಾವೇ ಹೆಸರಿಸಿದ್ದನ್ನು) ಕಳೆದು, ಉಳಿದುದನ್ನು ಅಧ್ಯಾಪಕರ ಸಂಖ್ಯೆಯಿಂದ ಭಾಗಿಸುವ ಈ ಕ್ರಮದಲ್ಲಿ, ಕೆಲವೇ ನೂರು ಅಧ್ಯಾಪಕರಿರುವ, ಸಂಶೋಧನೆಗೆ ಹೆಚ್ಚು ಒತ್ತು ಕೊಡುವ ಸಂಸ್ಥೆಗೆ ಅನುಕೂಲವಿರುವುದು ಸಹಜ. 1909ರಿಂದ ನಡೆದುಬಂದ ಆ ಸಂಸ್ಥೆಯ ಸಾಧನೆ ಇದರಿಂದ ಕಿರಿದಾಗುವುದಿಲ್ಲ.

ನನ್ನ ಆಕ್ಷೇಪ ಬೇರೆ. ಇದೇ ಅಳತೆಗೋಲನ್ನು ಹಳಗನ್ನಡ, ಶಾಸನ, ಜಾನಪದಗಳಲ್ಲಿ ದುಡಿಯುವ ವಿಭಾಗಗಳಿಗೂ ಹಿಡಿಯಲಾಗುತ್ತಿದೆ. ಕ್ಯೂಎಸ್ ಆಧರಿಸುವುದು ಸಂಶೋಧನಾ ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ಪಟ್ಟಿಮಾಡುವ ಸ್ಕೋಪಸ್ ದತ್ತಾಂಶವನ್ನು. 2016ರಿಂದ ಪ್ರಕಟವಾಗುತ್ತಿರುವ ನಮ್ಮ ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್ ಕೂಡ ಸ್ಕೋಪಸ್ ಮತ್ತು ಅಂಥದೇ ಇನ್ನೊಂದು ದತ್ತಾಂಶವಾದ ವೆಬ್ ಆಫ್ ಸೈನ್ಸ್‌ಗಳನ್ನೇ ನೆಚ್ಚಿಕೊಂಡಿದೆ. ಈ ದತ್ತಾಂಶಗಳಲ್ಲಿ ಇಂಗ್ಲಿಷ್ ನಿಯತಕಾಲಿಕಗಳದೇ ಕಾರುಬಾರು. ಹತ್ತು ವರ್ಷ ಹಸ್ತಪ್ರತಿಗಳನ್ನು ತಾಳೆನೋಡಿ ಸಂಪಾದಿಸಿದ ಒಂದು ಕಾವ್ಯ ಅಲ್ಲಿ ಸೊನ್ನೆಯಾಗುತ್ತದೆ. (ತಾಳೆಗರಿ ಓದಬಲ್ಲವರೇ ವಿರಳವಾಗುತ್ತಿರುವಾಗ ಇದು ಸಣ್ಣ ಮಾತಲ್ಲ.) ಗಣಿತದಲ್ಲಿಯೂ ವೈದ್ಯಕೀಯದಷ್ಟು ಉಲ್ಲೇಖಗಳು ಸಿಗುವುದಿಲ್ಲ, ಶಾಸನಶಾಸ್ತ್ರದ ಪಾಡೇನು?

ರಾಜ್ಯದ ವಿಶ್ವವಿದ್ಯಾಲಯಗಳು ಬಡ್ತಿ, ಅನುದಾನ ನಿರ್ಧರಿಸುವಾಗ ಕನ್ನಡದ ಗ್ರಂಥಸಂಪಾದನೆ, ಕ್ಷೇತ್ರಕಾರ್ಯ ಮತ್ತು ನಿಘಂಟಿನ ಕೆಲಸವನ್ನು ವಿಷಯತಜ್ಞರಿಂದಲೇ ಓದಿಸಿ ಅಳೆಯುವ ವ್ಯವಸ್ಥೆಯನ್ನು ಉನ್ನತ ಶಿಕ್ಷಣ ಪರಿಷತ್ತು ರೂಪಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ