ದುರ್ಗದ ಫ್ಯಾನು ನಮ್ಮ ಮನೆಯಲ್ಲಿ ತಿರುಗಿತು

ಒಂಬತ್ತು ದಿನ ನಮ್ಮ ಮನೆಗೆ ಗೊಂಬೆ ನೋಡೋಕೆ ಬಂದವರಲ್ಲಿ ಅರ್ಧಕ್ಕರ್ಧ ಜನ ಕೇಳಿದ್ದು ಒಂದೇ ಪ್ರಶ್ನೆ: “ಆ ಎರಡನೇ ಫ್ಯಾನ್ ಯಾಕೆ ತಿರುಗ್ತಿಲ್ಲ?” ಅದು ಕೆಟ್ಟಿಲ್ಲ, ಇರೋದೇ ಹಾಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಈಗ ಗೊಂಬೆಗಳೆಲ್ಲ ಪೆಟ್ಟಿಗೆ ಸೇರಿವೆ, ಕೈ ಖಾಲಿ ಇದೆ. ಎಂಟು ತಿಂಗಳು ನನ್ನ ಹುಚ್ಚನ್ನು ಸಹಿಸಿಕೊಂಡವರಿಗೆ ಥ್ಯಾಂಕ್ಸ್ ಹೇಳೋದು ಮಾತ್ರ ಬಾಕಿ.

ನೋಡದವರಿಗಾಗಿ ಎರಡು ಮಾತು. 6 ಅಡಿ ಉದ್ದ, 3 ಅಡಿ ಅಗಲದ ಪ್ಲೈವುಡ್. ಅದರ ಮೇಲೆ ಒಂದು ಸುತ್ತು ರೈಲು ಹಳಿ, ಒಂದು ಪುಟ್ಟ ಸ್ಟೇಷನ್, ಹಿಂದೆ ಬಂಡೆಗಳ ಗುಡ್ಡ, ಗುಡ್ಡದ ತಲೆಯ ಮೇಲೆ ಎರಡು ಗಾಳಿಯಂತ್ರ. ಇಷ್ಟನ್ನೂ ಗೊಂಬೆ ಮೆಟ್ಟಿಲಿನ ಮುಂದೆ ಬೆಂಚಿನ ಮೇಲೆ ಇಟ್ಟಿದ್ದೆವು. ಗೊಂಬೆ ಕೂರಿಸೋ ಮನೆಗಳಲ್ಲಿ ಮಕ್ಕಳು ಮಣ್ಣು ಹರಡಿ, ರಾಗಿ ಚೆಲ್ಲಿ ಪಾರ್ಕ್ ಮಾಡುತ್ತಾರಲ್ಲ, ಇದೂ ಅದೇ. ಸ್ವಲ್ಪ ಜಾಸ್ತಿ ಆಯಿತು ಅಷ್ಟೇ.

ನಮ್ಮಮ್ಮನ ತವರು ಚಿತ್ರದುರ್ಗದ ಕಡೆ. ದುರ್ಗ ಹತ್ತಿರ ಬಂತು ಅಂದರೆ ಅಮ್ಮ ಬಸ್ಸಿನ ಕಿಟಕಿಗೆ ಅಂಟಿಕೊಳ್ಳುತ್ತಿದ್ದರು. ಜೋಗಿಮಟ್ಟಿ ಕಡೆಯ ಗುಡ್ಡದ ಸಾಲಿನ ಮೇಲೆ ನಿಂತ ಗಾಳಿಯಂತ್ರಗಳನ್ನು ಎಣಿಸೋದು ಅವರ ಚಟ. ಅವರ ಬಾಯಲ್ಲಿ ಅದು ಬರೀ “ಫ್ಯಾನು”. ಎಷ್ಟು ತಿರುಗ್ತಿವೆ, ಎಷ್ಟು ನಿಂತಿವೆ ಅಂತ ಬೇರೆ ಬೇರೆ ಲೆಕ್ಕ. ಗಾಳಿ ಎಷ್ಟೇ ಜೋರಾಗಿದ್ದರೂ ಒಂದಾದರೂ ನಿಂತೇ ಇರುತ್ತಿತ್ತು. “ಅದಕ್ಕೆ ಇವತ್ತು ರಜಾ” ಅನ್ನೋರು.

ಅಮ್ಮ ಹೋಗಿದ್ದು ಹೋದ ವರ್ಷ, ದಸರಾಗೆ ಮೂರು ವಾರ ಇರುವಾಗ. ಮದುವೆಯಾದ ಮಗಳಿಗೆ ವರ್ಷದ ಸೂತಕ ಇಲ್ಲ, ಗೊಂಬೆ ಕೂರಿಸಬಹುದು ಅಂತ ಎಲ್ಲರೂ ಹೇಳಿದರು. ನನಗೆ ಪೆಟ್ಟಿಗೆ ತೆಗೆಯೋಕೆ ಮನಸ್ಸಾಗಲಿಲ್ಲ. ಅದರಲ್ಲಿರೋ ಪಟ್ಟದ ಗೊಂಬೆ ಅಮ್ಮ ನನ್ನ ಮದುವೆಗೆ ಕೊಟ್ಟಿದ್ದು. ನಮ್ಮತ್ತೆ ಒಂದು ಮಾತೂ ಆಡಲಿಲ್ಲ. ಮೈಸೂರಿನಲ್ಲಿ ಹುಟ್ಟಿ, ಬುದ್ಧಿ ಬಂದಾಗಿನಿಂದ ಒಂದು ವರ್ಷವೂ ಬಿಡದೆ ಗೊಂಬೆ ಕೂರಿಸಿದವರು, ಆ ವರ್ಷ ಮೂಲೆಯಲ್ಲಿ ದೀಪ ಹಚ್ಚಿ ಸುಮ್ನೆ ಇದ್ದುಬಿಟ್ಟರು. ಮೊದಲ ಥ್ಯಾಂಕ್ಸ್ ಅದಕ್ಕೆ.

ಫೆಬ್ರವರಿಯಲ್ಲಿ ಒಂದು ಭಾನುವಾರ ಮಗನನ್ನು ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. 1979ರಲ್ಲಿ ಶುರುವಾದ ನಮ್ಮ ಮೈಸೂರಿನ ಮ್ಯೂಸಿಯಂ, ಎಷ್ಟು ಸಲ ನೋಡಿದ್ದೇವೋ ಲೆಕ್ಕ ಇಲ್ಲ. ವಾಪಸ್ ಬರುವಾಗ ಅವನು, “ಅಮ್ಮಾ, ಈ ಸಲ ಪಾರ್ಕ್ ಬದಲು ಅಜ್ಜಿ ಊರು ಮಾಡೋಣ್ವಾ? ಫ್ಯಾನು ತಿರುಗಬೇಕು, ಕೆಳಗೆ ರೈಲು ಹೋಗಬೇಕು” ಅಂದ. ಅಮ್ಮ ನೋಡಿದ್ದು ಬಸ್ಸಿನಿಂದ, ರೈಲು ಸೇರಿಸಿದ್ದು ಇವನು. ಹೂಂ ಅಂದುಬಿಟ್ಟೆ. ಆಗಲೇ ಊಟದ ಟೇಬಲ್ ಕೈಬಿಟ್ಟು ಹೋಗಿತ್ತು, ನಮಗೆ ಗೊತ್ತಾಗಲಿಲ್ಲ.

ಹಳಿ ಮತ್ತು ಎಂಜಿನ್ ಸಿಕ್ಕಿದ್ದು ನಮ್ಮ ಮನೆಯವರ ಸಹೋದ್ಯೋಗಿಯಿಂದ. ಜರ್ಮನಿಯಿಂದ ವಾಪಸ್ ಬಂದಾಗ ತಂದಿದ್ದನ್ನು ಅರ್ಧ ಬೆಲೆಗೆ ಕೊಟ್ಟರು. ಎಚ್‌ಓ ಅಳತೆಯದ್ದು, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಗಾಳಿಯಂತ್ರದ ಕಿಟ್ ಕೂಡ ಸಿಗುತ್ತೆ. ಜರ್ಮನಿಯ ಫಾಲರ್ ಕಂಪನಿ ಮೋಟಾರ್ ಸಮೇತ ಮಾಡುತ್ತದೆ. ಆದರೆ ನಾನು ನೋಡಿದ್ದು ನಾಲ್ಕು ರೆಕ್ಕೆಯ, ಯುರೋಪಿನ ಹಳೇ ಹಿಟ್ಟಿನ ಗಿರಣಿ. ಅದನ್ನು ತಂದು ದುರ್ಗದ ಗುಡ್ಡದ ಮೇಲೆ ನಿಲ್ಲಿಸಿದರೆ ಅಮ್ಮ ನಗುತ್ತಿದ್ದರು. ಮೂರು ರೆಕ್ಕೆಯದ್ದನ್ನು ನಾವೇ ಮಾಡಬೇಕಿತ್ತು.

ಲೆಕ್ಕಕ್ಕೆ ಕೂತೆ. ಗೋಪುರ 50 ಮೀಟರ್ ಅಂದುಕೊಂಡರೆ 87ರ ಲೆಕ್ಕದಲ್ಲಿ 57 ಸೆಂ.ಮೀ. ರೆಕ್ಕೆ 25 ಮೀಟರ್ ಇದ್ದರೆ ಮೇಲೆ ಇನ್ನೂ 29. ಗುಡ್ಡದ ಎತ್ತರ ಬೇರೆ. ಪಟ್ಟದ ಗೊಂಬೆಗಳ ಮುಖದ ಮುಂದೆ ಫ್ಯಾನು ಸುತ್ತುತ್ತೆ! ಎರಡು ರಾತ್ರಿ ಕಾಗದ ಹಾಳು ಮಾಡಿದೆ. ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದ ಅತ್ತೆ, “ದೂರದ್ದು ಚಿಕ್ಕದಾಗೇ ತಾನೇ ಕಾಣೋದು? ಅದಕ್ಕೇನು ಇಷ್ಟು ಲೆಕ್ಕ?” ಅಂದರು. ಸರಿಯಾದ ಮಾತು, ಅಲ್ವಾ? ರೈಲು ಹತ್ತಿರ, ಗುಡ್ಡ ದೂರ. ಫ್ಯಾನಿಗೆ 220ರ ಅಳತೆ ಹಿಡಿದೆ. ಗೋಪುರ 23 ಸೆಂ.ಮೀ.ಗೆ ಇಳಿಯಿತು, ರೆಕ್ಕೆ 11 ಸೆಂ.ಮೀ. ಐಸ್‌ಕ್ರೀಂ ಕಡ್ಡಿ ಸರಿಯಾಗಿ ಅಷ್ಟೇ ಉದ್ದ ಬರುತ್ತದೆ!

ಕಡ್ಡಿಯನ್ನು ಬಿಸಿನೀರಲ್ಲಿ ನೆನೆಹಾಕಿ, ಸ್ವಲ್ಪ ತಿರುಚಿ, ಬಟ್ಟೆ ಕ್ಲಿಪ್ಪಲ್ಲಿ ಹಿಡಿಸಿ ಒಣಗಿಸಬೇಕು. ಆಮೇಲೆ ಉಪ್ಪುಕಾಗದದಲ್ಲಿ ತುದಿ ಚೂಪಾಗೋ ತನಕ ಉಜ್ಜಬೇಕು. ಮೂರೂ ಒಂದೇ ತೂಕ ಇರಬೇಕು. ಇಲ್ಲದಿದ್ದರೆ ಭಾರದ ರೆಕ್ಕೆ ಮೇಲೇರುವಾಗ ಏದುಸಿರು ಬಿಡುತ್ತೆ, ಇಳಿಯುವಾಗ ಧಡಕ್ಕನೆ ಬೀಳುತ್ತೆ. ಹಗುರ ಇರೋ ರೆಕ್ಕೆಯ ತುದಿಗೆ ಒಂದೊಂದೇ ತೊಟ್ಟು ನೇಲ್ ಪಾಲಿಶ್ ಹಚ್ಚಿ ತೂಕ ಸರಿಮಾಡಿದೆ. ಗುಲಾಬಿ ಬಣ್ಣ. ಮೇಲೆ ಬಿಳಿ ಬಳಿದಿದ್ದೇವೆ, ಆದರೂ ಹತ್ತಿರದಿಂದ ನೋಡಿದವರಿಗೆ ಕಂಡಿರಬಹುದು.

ಗೋಪುರಕ್ಕೆ ಕೆಳಗೆ ದಪ್ಪ, ಮೇಲೆ ಸಣ್ಣ ಆಗೋ ಕೊಳವೆ ಬೇಕು. ಡ್ರಾಯಿಂಗ್ ಹಾಳೆ ಸುತ್ತಿ ಸುತ್ತಿ ಸಾಕಾಯಿತು. ಒಂದಲ್ಲ ಒಂದು ಕಡೆ ಸಡಿಲ. ನಮ್ಮ ರಸ್ತೆ ಮೂಲೆಯ ಚುರುಮುರಿ ಅಣ್ಣನ ಗಾಡಿ ಮುಂದೆ ನಿಂತಾಗ ಹೊಳೆಯಿತು: ದಿನಕ್ಕೆ ನೂರಾರು ಪೊಟ್ಟಣ ಸುತ್ತೋ ಕೈ ಇಲ್ಲೇ ಇದೆಯಲ್ಲ! ಹಾಳೆ ಕೊಟ್ಟೆ. ಒಂದು ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಾಳೆಯನ್ನು ಎಳೆದು ಎಳೆದು ಸುತ್ತಿದರು. “ಸುತ್ತಬಾರದು ಅಕ್ಕ, ಎಳೀಬೇಕು” ಅಂದರು. ಎರಡೇ ನಿಮಿಷ, ಎರಡು ಗೋಪುರ. ದುಡ್ಡು ಬೇಡ ಅಂದರು. ಚುರುಮುರಿಗೆ ಮಾತ್ರ ತೆಗೆದುಕೊಂಡರು.

ಇನ್ನು ಮೋಟಾರಿನ ಕಥೆ. ನಿಮಿಷಕ್ಕೆ ಎಷ್ಟು ಸುತ್ತು ಬೇಕು ಅಂತ ತಿಳಿಯೋಕೆ ಊರಲ್ಲಿರೋ ನನ್ನ ಅಣ್ಣನಿಗೆ ಫೋನ್ ಮಾಡಿದೆ. ಅವನು ಬೈಕಲ್ಲಿ ಗುಡ್ಡದ ಬುಡಕ್ಕೆ ಹೋಗಿ ಒಂದು ನಿಮಿಷದ ವಿಡಿಯೋ ಕಳಿಸಿದ. ಎಣಿಸಿದರೆ 16 ಸುತ್ತು. ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಿತ್ತು. ವಿಡಿಯೋದಲ್ಲಿ ಗಾಳಿಯ ಸದ್ದು ಬಿಟ್ಟರೆ ಒಂದೂ ಮಾತಿಲ್ಲ. ಅಣ್ಣ ಅಲ್ಲಿ ನಿಂತು ಏನು ನೆನೆಸಿಕೊಂಡನೋ, ನಾನೂ ಕೇಳಲಿಲ್ಲ.

ಮಿಕ್ಸಿ ರಿಪೇರಿ ಅಂಗಡಿಯವರ ಹತ್ತಿರ ಹೋದೆ. ಹಳೇ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸೋ ಮೋಟಾರ್ ಪುಕ್ಕಟೆ ಕೊಟ್ಟರು. ನಿಧಾನಕ್ಕೆ ಚೆನ್ನಾಗೇ ತಿರುಗಿತು. ಮರುದಿನ ಸ್ವಿಚ್ ಹಾಕಿದರೆ ಉಲ್ಟಾ! ಆಫ್ ಮಾಡಿ ಹಾಕಿದರೆ ಮತ್ತೆ ಸರಿ. ನನ್ನ ತಪ್ಪು ಅಂದುಕೊಂಡು ವೈರ್ ಬದಲಿಸಿ ಬದಲಿಸಿ ಒಂದು ಸಂಜೆ ಕಳೆದೆ. ಆ ಜಾತಿಯ ಮೋಟಾರ್ ಹಾಗೇ ಅಂತೆ. ಶುರುವಾಗೋ ಗಳಿಗೆಯಲ್ಲಿ ಕರೆಂಟಿನ ಅಲೆ ಯಾವ ಹಂತದಲ್ಲಿರುತ್ತೋ ಅದರ ಮೇಲೆ ಬಲಕ್ಕೋ ಎಡಕ್ಕೋ ಹೊರಡುತ್ತೆ. ಓವನ್ನಿನಲ್ಲಿ ಅನ್ನದ ಬಟ್ಟಲು ಯಾವ ಕಡೆ ತಿರುಗಿದರೇನು? ಕೊನೆಗೆ ಅವರೇ ಹೇಳಿದರು: “ಅಕ್ಕ, ಇದು 230 ವೋಲ್ಟಿಂದು. ಮಕ್ಕಳು ಕೈ ಹಾಕೋ ಜಾಗಕ್ಕೆ ಬೇಡವೇ ಬೇಡ. 12 ವೋಲ್ಟಿನ ಗೇರ್ ಮೋಟಾರ್ ತರಿಸಿ.” ಕೊಟ್ಟ ವಸ್ತುವನ್ನು ವಾಪಸ್ ಕೇಳಿ ಪಡೆದ ಅಂಗಡಿಯವರನ್ನು ನಾನು ನೋಡಿದ್ದು ಇವರೊಬ್ಬರನ್ನೇ.

ಆನ್‌ಲೈನಲ್ಲಿ ನಿಮಿಷಕ್ಕೆ 30 ಸುತ್ತಿನದ್ದು ತರಿಸಿದೆ. ಬಂದಿದ್ದು 300ರದ್ದು. ಹಾಕಿದ ತಕ್ಷಣ ಒಂದು ರೆಕ್ಕೆ ಕಿತ್ತು ಹೋಗಿ ಅಕ್ಕಿ ಡಬ್ಬದ ಹಿಂದೆ ಬಿತ್ತು. “ಅಮ್ಮಾ, ಅಜ್ಜಿ ಊರಿಂದ ಹೆಲಿಕಾಪ್ಟರ್!” ಅಂದ ಮಗ. ಮೂರನೇ ಸಲ ಸರಿಯಾದದ್ದು ಬಂತು. ಎನ್20 ಅಂತಾರೆ, ಕಿರುಬೆರಳಿನ ಒಂದು ಗೆಣ್ಣಿನಷ್ಟಿರುತ್ತೆ. ಫ್ಯಾನಿನ ತಲೆಯೊಳಗೇ ಕೂರುತ್ತೆ. ಎರಡು ತೆಳು ವೈರು ಗೋಪುರದೊಳಗಿಂದ ಕೆಳಗಿಳಿದರೆ ಸಾಕು. ಇಂಥ ಮೋಟಾರಿಗೆ ವೋಲ್ಟ್ ಅರ್ಧ ಮಾಡಿದರೆ ವೇಗವೂ ಹೆಚ್ಚುಕಡಿಮೆ ಅರ್ಧ ಆಗುತ್ತೆ. 6 ವೋಲ್ಟಿಗಿಂತ ಒಂಚೂರು ಮೇಲೆ ಇಟ್ಟಾಗ 16 ಸುತ್ತು ಬಂತು. ಆದರೆ ಸದ್ದು! ಕಾಗದದ ಕೊಳವೆ ಗ್ರಾಮಫೋನಿನ ಕಹಳೆ ಥರ ಗೇರಿನ ಕಿರಿಕಿರಿಯನ್ನು ಮನೆ ತುಂಬ ಹಂಚುತ್ತಿತ್ತು. ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೂರಿಸಿದ ಮೇಲೆ ಅಡಗಿತು. ಟ್ಯೂಬ್ ಕೊಟ್ಟ ಪಂಕ್ಚರ್ ಅಂಗಡಿ ಹುಡುಗನಿಗೂ ನಮಸ್ಕಾರ.

ಎದುರುಮನೆಯ ಮಾವ ರೈಲ್ವೆಯಲ್ಲಿ ಕೀಮನ್ ಆಗಿದ್ದವರು, ಅಂದರೆ ನಡೆದುಕೊಂಡು ಹೋಗಿ ಹಳಿ ಪರೀಕ್ಷೆ ಮಾಡೋರು. ಮೂವತ್ತು ವರ್ಷ ಹಳಿಯ ಪಕ್ಕ ನಡೆದ ಕಣ್ಣು. ಮೊದಲ ಸಲ ಬಂದು, ಬಗ್ಗಿ ನೋಡಿ, “ಏನಮ್ಮಾ, ಇದು ಮೀಟರ್ ಗೇಜಾ ಬ್ರಾಡ್ ಗೇಜಾ?” ಅಂದರು. ಬ್ರಾಡ್ ಗೇಜ್ ಅಂದೆ. “ಹಂಗಾದ್ರೆ ಹಳಿ ಒತ್ತೊತ್ತಾಗಿದೆ” ಅಂದರು. ನಾನು ಬೆಪ್ಪಾದೆ. ನಮ್ಮ ಬ್ರಾಡ್ ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ., 87ರಿಂದ ಭಾಗಿಸಿದರೆ 19 ಚಿಲ್ಲರೆ ಬರಬೇಕು. ಎಚ್‌ಓ ಹಳಿ ಇರೋದು 16.5. ಅದು ಯುರೋಪಿನ 1435ರ ಲೆಕ್ಕ. ಮೂರು ಮಿ.ಮೀ. ವ್ಯತ್ಯಾಸ ಬರಿಗಣ್ಣಿಗೇ ಕಂಡಿತ್ತು ಅವರಿಗೆ.

ಅವತ್ತಿನಿಂದ ದಿನಾ ಸಂಜೆ ಅವರ ಇನ್‌ಸ್ಪೆಕ್ಷನ್. ಜಲ್ಲಿ ಹಾಕೋದು ಕಲಿಸಿದ್ದೇ ಅವರು. “ಸ್ಲೀಪರ್ ಮುಖ ಕಾಣಬೇಕು, ಜಲ್ಲಿ ಅದರ ಮೇಲೆ ಹತ್ತಬಾರದು.” ಸ್ಲೀಪರ್ ಅಂದರೆ ಹಳಿಗಳ ಕೆಳಗೆ ಅಡ್ಡಡ್ಡ ಇರೋ ಪಟ್ಟಿ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೊಯ್ಯೋ ಅಂಗಡಿಯಿಂದ ಪುಡಿ ತಂದು ಜರಡಿ ಹಿಡಿದೆವು. ಹಳಿ ನಡುವೆ ಚಮಚದಲ್ಲಿ ಹರಡಿ, ಹಲ್ಲುಜ್ಜೋ ಬ್ರಶ್ಶಿನಲ್ಲಿ ಸರಿಮಾಡಿ, ಮೇಲೆ ನೀರು ಚಿಮುಕಿಸಬೇಕು. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯೋ ಸೋಪು ಇಲ್ಲದಿದ್ದರೆ ಅದು ಮುತ್ತಿನ ಹಾಗೆ ಉರುಳಿ ಪುಡಿಯನ್ನೂ ಎಳೆದುಕೊಂಡು ಹೋಗುತ್ತೆ. ನೆನೆದ ಮೇಲೆ ತೆಳು ಮಾಡಿದ ಫೆವಿಕಾಲನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಅದಕ್ಕೆ ಬಳಸಿದ್ದು ಅಮ್ಮನಿಗೆ ಕೊನೆಯ ತಿಂಗಳಲ್ಲಿ ಔಷಧಿ ಕುಡಿಸುತ್ತಿದ್ದ ಸಿರಿಂಜು. ಬಿಸಾಡೋಕೆ ಆಗದೆ ಡ್ರಾಯರಿನಲ್ಲಿ ಇತ್ತು. ಅದೇ 5 ಎಂ.ಎಲ್. ಗೆರೆ, ಅದೇ ನಿಧಾನ. ಆ ಕೆಲಸ ಮಾಡಿದ ನಾಲ್ಕು ಸಂಜೆ ಮಾವ ಪಕ್ಕದಲ್ಲೇ ಕೂತಿದ್ದರು. ನಾನು ಕಣ್ಣೊರೆಸಿಕೊಂಡಾಗಲೆಲ್ಲ ಅವರು ಜಲ್ಲಿ ನೋಡುತ್ತಿದ್ದರು.

ಗುಡ್ಡ ಥರ್ಮಾಕೋಲಿನದ್ದು, ಮೇಲೆ ಪೇಪರ್ ಪಟ್ಟಿ, ಮೈದಾ ಅಂಟು. ಮೊದಲ ಗುಡ್ಡದ ಒಂದು ಮೂಲೆಯನ್ನು ಇಲಿ ತಿಂದಿತು. ಬುಕ್ ಬೈಂಡಿಂಗ್ ಮಾಡೋ ಅಜ್ಜ, “ಅಂಟಿಗೆ ಮೈಲುತುತ್ತ ಹಾಕಮ್ಮ, ಕೈ ಮಾತ್ರ ತೊಳ್ಕೋ” ಅಂದರು. ಆಮೇಲೆ ಇಲಿ ಆ ಕಡೆ ತಲೆ ಹಾಕಲಿಲ್ಲ. ಬಂಡೆಗಳೂ ಗ್ರಾನೈಟ್ ಚೂರುಗಳೇ, ಕೆಂಪು ಮಣ್ಣು ಅಣ್ಣ ಊರಿಂದ ಕಳಿಸಿದ್ದು. ಹುಳ ಬರದಿರಲಿ ಅಂತ ಹಳೇ ಬಾಣಲೆಯಲ್ಲಿ ಹುರಿದೆ. ಮನೆಯೆಲ್ಲ ಮೊದಲ ಮಳೆ ಬಿದ್ದ ವಾಸನೆ.

ರಾಗಿ ಮೊಳಕೆ ಬೇಕೇ ಬೇಕು ಅಂತ ಅತ್ತೆಯ ಹಟ. ಗೊಂಬೆ ಮುಂದೆ ಹಸಿರು ಇಲ್ಲದೆ ಹೇಗೆ? ಒಂದು ತಟ್ಟೆಯಷ್ಟು ಜಾಗ ಬಿಟ್ಟುಕೊಟ್ಟೆ. ಮೂರನೇ ದಿನ ಅದು ಮೆಕ್ಕೆಜೋಳದ ಹೊಲದ ಹಾಗೆ ಎಷ್ಟು ಚೆಂದ ಇತ್ತು! ಏಳನೇ ದಿನಕ್ಕೆ ಕಬ್ಬಾಗಿ ಸ್ಟೇಷನ್ ಮುಚ್ಚಿಹೋಗುತ್ತಿತ್ತು. ಅತ್ತೆ ಕತ್ತರಿ ಹಿಡಿದು ಕಟಾವು ಮಾಡಿದರು.

ಐದನೇ ದಿನ ಒಂದು ಪುಟ್ಟ ಹುಡುಗಿ ತಿರುಗೋ ಫ್ಯಾನಿಗೆ ಬೆರಳು ಕೊಟ್ಟಳು. ರೆಕ್ಕೆ ಮುರಿಯಿತು, ಬೆರಳಿಗೇನೂ ಆಗಲಿಲ್ಲ. ಅವಳ ಅಮ್ಮ ಬೈದರು, ಮಗು ಅಳೋಕೆ ಶುರು. ಅವಳ ಅಮ್ಮನಿಗೆ ಈಗಲಾದರೂ ಹೇಳುತ್ತೇನೆ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಆ ಸಂಜೆ ಒಂದು ಗಂಟೆ ಎರಡೂ ಫ್ಯಾನು ನಿಂತಿದ್ದವು. ಎರಡನೆಯದಕ್ಕೆ ನಾವು ಮೋಟಾರೇ ಇಟ್ಟಿಲ್ಲ. ಬೇಕಂತಲೇ ಬಿಟ್ಟಿದ್ದು. ಆದರೆ ಎರಡೂ ನಿಂತಿದ್ದು ಮಗನಿಗೆ ಸಹಿಸಲಿಲ್ಲ. ಬಂದವರೆಲ್ಲ ಚರುಪು ತಿನ್ನುತ್ತಿರುವಾಗಲೇ ಹೊಸ ಕಡ್ಡಿ ಉಜ್ಜಿ ಅಂಟಿಸಿದ. ಆ ಹುಡುಗಿ ಹೋಗೋ ಮುಂಚೆ ಫ್ಯಾನು ತಿರುಗಿತು. ಅವಳು ಕಣ್ಣೊರೆಸಿಕೊಂಡು ಪಕ್ಕದ್ದನ್ನು ತೋರಿಸಿ, “ಅದು?” ಅಂದಳು. “ಅದಕ್ಕೆ ಇವತ್ತು ರಜಾ” ಅಂದ ನನ್ನ ಮಗ. ನಾನು ಹೇಳಿಕೊಟ್ಟಿರಲಿಲ್ಲ.

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಪ್ಲೈವುಡ್ ಈಗ ಸೋಫಾ ಹಿಂದೆ ನೆಟ್ಟಗೆ ನಿಂತಿದೆ. ಫ್ಯಾನು ಎರಡೂ ಅಮ್ಮನ ಕೋಡುಬಳೆ ಡಬ್ಬದಲ್ಲಿ, ಹತ್ತಿ ಸುತ್ತಿಕೊಂಡು ಇವೆ. ಎದುರುಮನೆ ಮಾವ ಮುಂದಿನ ವರ್ಷಕ್ಕೆ ಪಟ್ಟಿ ಕೊಟ್ಟಿದ್ದಾರೆ: ಸಿಗ್ನಲ್ ಕಂಬ ಒಂದು, ಗೇಟ್ ಒಂದು, ಗೇಟಿಗೆ ಮೊದಲು ಸೀಟಿ ಹಾಕೋ ಹಳದಿ ಬೋರ್ಡ್ ಒಂದು.

ಊಟದ ಟೇಬಲ್ ಎಂಟು ತಿಂಗಳ ನಂತರ ಅತ್ತೆಗೆ ವಾಪಸ್ ಸಿಕ್ಕಿದೆ. ನಡುವೆ ಒಂದು ಅಂಗೈ ಅಗಲ ಫೆವಿಕಾಲ್ ಕಲೆ, ಏನು ಮಾಡಿದರೂ ಹೋಗುತ್ತಿಲ್ಲ. ಬಿಸಿನೀರು ಹಾಕಿ ಕೆರೆಯೋಕೆ ಹೋದೆ. “ಇರ್ಲಿ ಬಿಡೇ” ಅಂದು ಅತ್ತೆ ಅದರ ಮೇಲೆ ಸಾರಿನ ಪಾತ್ರೆ ಇಟ್ಟರು.